ವಿಂಡೋಸ್ ಇಟ್ಟುಕೊಂಡೇ ಲಿನಕ್ಸ್ ಹಾಕುವುದು ಹೇಗೆ?

ವಿಂಡೋಸ್ ತೆಗೆಯದೆ ಲಿನಕ್ಸ್ ಹಾಕಿಕೊಳ್ಳಬಹುದಾ? ಫೈಲ್‌ಗಳು ಹೋಗಿಬಿಡುತ್ತವಾ? ಬೇಡ ಅನ್ನಿಸಿದರೆ ಮೊದಲಿದ್ದ ಹಾಗೆ ಮಾಡಿಕೊಳ್ಳಬಹುದಾ? ಲಿನಕ್ಸ್ ಅಂದರೆ ವಿಂಡೋಸ್‌ನ ಹಾಗೇ ಕಂಪ್ಯೂಟರ್ ಓಡಿಸುವ ಇನ್ನೊಂದು ಆಪರೇಟಿಂಗ್ ಸಿಸ್ಟಂ. ಈ ಮೂರು ಪ್ರಶ್ನೆಗಳು ಮೊದಲಿಂದಲೂ ಬರುತ್ತಿದ್ದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದ ಮೇಲಂತೂ ಜಾಸ್ತಿಯೇ ಆಗಿವೆ. ಕಾರಣ ಗೊತ್ತಿರುವುದೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಇದರಲ್ಲಿ ಫೇಲ್.

ಚಿಕ್ಕ ಉತ್ತರ: ಹಾಕಿಕೊಳ್ಳಬಹುದು. ಸರಿಯಾಗಿ ಮಾಡಿದರೆ ಫೈಲ್‌ಗಳು ಹೋಗುವುದಿಲ್ಲ. ಮೊದಲಿನ ಹಾಗೆಯೂ ಮಾಡಿಕೊಳ್ಳಬಹುದು.

ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡು, ಆನ್ ಮಾಡಿದಾಗ ಬೇಕಾದ್ದನ್ನು ಆರಿಸಿಕೊಳ್ಳುವುದಕ್ಕೆ ಡ್ಯುಯಲ್ ಬೂಟ್ ಅಂತಾರೆ. ಒಂದು ಸಲಕ್ಕೆ ಒಂದೇ ಓಡುತ್ತದೆ. ಹಾಗಾಗಿ ಯಂತ್ರದ ಪೂರ್ತಿ ಶಕ್ತಿ ಅದಕ್ಕೇ ಸಿಗುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು. ಇದರಲ್ಲಿ ಲಿನಕ್ಸ್ ಹಾಕುವುದು ಸಣ್ಣ ಕೆಲಸ. ಅದಕ್ಕೆ ಮುಂಚೆ ವಿಂಡೋಸ್ ಒಳಗೆ ಮಾಡಿಕೊಳ್ಳಬೇಕಾದ ತಯಾರಿಯೇ ದೊಡ್ಡದು. "ಎಲ್ಲಾ ಹಾಳಾಯ್ತು" ಅಂತ ಬರುವ ದೂರುಗಳಲ್ಲಿ ಹೆಚ್ಚಿನವು ಆ ತಯಾರಿಯನ್ನು ಹಾರಿಸಿದ್ದರಿಂದ ಆದವು. ಅದಕ್ಕೇ ಈ ಲೇಖನದ ಅರ್ಧ ಭಾಗ ಪೆನ್‌ಡ್ರೈವ್ ಚುಚ್ಚುವ ಮುಂಚೆಯೇ ಕಳೆದುಹೋಗುತ್ತದೆ.

ಯಾರಿಗೆ ಬೇಡ

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಮುಟ್ಟಬೇಡಿ. ಸುಮ್ನೆ ಲಿನಕ್ಸ್ ಹೇಗಿರುತ್ತದೆ ನೋಡಬೇಕು ಅಷ್ಟೇ ಅನ್ನುವವರಿಗೂ ಇದು ಬೇಡ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಅದನ್ನು 7ನೇ ಹಂತದಲ್ಲಿ ಹೇಳಿದ್ದೇನೆ. 128 ಜಿಬಿ ಎಸ್‌ಎಸ್‌ಡಿ ಇದ್ದು ಅದೂ ತುಂಬಿಹೋಗಿದ್ದರೆ ಎರಡಕ್ಕೂ ಉಸಿರು ಕಟ್ಟುತ್ತದೆ.

ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆ ಫೈಲ್‌ಗಳು, ಯಾವುದೋ ಪ್ರಿಂಟರ್‌ನ ಹಳೆ ಡ್ರೈವರ್, ಇಂಥವಕ್ಕೆ ವಿಂಡೋಸ್ ಬೇಕೇ ಬೇಕು, ಉಳಿದದ್ದಕ್ಕೆಲ್ಲ ಲಿನಕ್ಸ್ ಸಾಕು ಅನ್ನುವವರಿಗೆ ಡ್ಯುಯಲ್ ಬೂಟ್ ಹೇಳಿ ಮಾಡಿಸಿದ್ದು.

ಏನೇನು ಬೇಕು

8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್ ಒಂದು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬ್ಯಾಕಪ್‌ಗೆ ಇನ್ನೊಂದು ಹೊರಗಿನ ಹಾರ್ಡ್‌ಡಿಸ್ಕ್. ಚಾರ್ಜರ್. ಸುಮಾರು 3 ಜಿಬಿ ಡೌನ್‌ಲೋಡ್ ಮಾಡುವಷ್ಟು ಇಂಟರ್ನೆಟ್. ಈ ಲೇಖನ ಓದುವುದಕ್ಕೆ ಒಂದು ಮೊಬೈಲ್, ಯಾಕೆಂದರೆ ಮಧ್ಯದಲ್ಲಿ ಲ್ಯಾಪ್‌ಟಾಪ್ ಹಲವು ಸಲ ಆಫ್ ಆಗುತ್ತದೆ. ಒಂದು ಬಿಡುವಿನ ಮಧ್ಯಾಹ್ನ ಇರಲಿ. ಮಾರನೇ ದಿನ ಪರೀಕ್ಷೆಯೋ ಜಿಎಸ್‌ಟಿ ರಿಟರ್ನ್ಸ್ ಕೊನೇ ದಿನವೋ ಇದ್ದರೆ ಇವತ್ತು ಕೈ ಹಾಕಬೇಡಿ.

ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ. ಅವಕ್ಕೆ ಡಿಸ್ಟ್ರೋ ಅನ್ನುತ್ತಾರೆ. ವಿಂಡೋಸ್‌ನಿಂದ ಬರುವವರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ಕೆಳಗೆ ಮೆನು, ಪಕ್ಕದಲ್ಲಿ ಗಡಿಯಾರ, ಎಲ್ಲ ನೋಡಿ ಪರಿಚಯವಿದ್ದ ಹಾಗೇ ಇರುತ್ತದೆ. ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳು ಬರುತ್ತವೆ. ಇದು ಉಬುಂಟು ಎಂಬ ಇನ್ನೊಂದು ಡಿಸ್ಟ್ರೋದ 24.04 ಆವೃತ್ತಿಯ ಮೇಲೆ ಕಟ್ಟಿದ್ದು. 8 ಜಿಬಿ ರ್‍ಯಾಮ್ ಇದ್ದರೆ ಸಿನ್ನಮನ್ ಆವೃತ್ತಿ ತೆಗೆದುಕೊಳ್ಳಿ. 4 ಜಿಬಿ ಇರುವ ಹಳೆ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ.

1. ಬ್ಯಾಕಪ್

ಹೊಸದಾಗಿ ಹೇಳುವುದೇನಿಲ್ಲ. ಫೋಟೋ, ದಾಖಲೆ, ಟ್ಯಾಲಿ ಡೇಟಾ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ಹಾಕಿ. ಹಾಕಿದ ಮೇಲೆ ಒಂದೆರಡು ಫೈಲ್ ಅಲ್ಲಿಂದಲೇ ತೆರೆದು ನೋಡಿ. ಡಿ ಡ್ರೈವ್‌ಗೆ ನಕಲು ಮಾಡಿದರೆ ಬ್ಯಾಕಪ್ ಆಗುವುದಿಲ್ಲ. ಸಿ ಮತ್ತು ಡಿ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಡಿಸ್ಕ್‌ನ ಎರಡು ಭಾಗಗಳು.

2. ಲ್ಯಾಪ್‌ಟಾಪ್‌ನ ಜಾತಕ ನೋಡಿ

ಸ್ಟಾರ್ಟ್ ಮೆನುವಿನಲ್ಲಿ "ಸಿಸ್ಟಂ ಇನ್ಫರ್ಮೇಶನ್" ಹುಡುಕಿ ತೆರೆಯಿರಿ. ಅದರಲ್ಲಿ "ಬಯಾಸ್ ಮೋಡ್" ಅಂತ ಒಂದು ಸಾಲಿದೆ. ಎದುರಿಗೆ "ಯುಇಎಫ್‌ಐ" ಅಥವಾ "ಲೆಗಸಿ" ಅಂತ ಇರುತ್ತದೆ. ಬರೆದಿಟ್ಟುಕೊಳ್ಳಿ.

ಲ್ಯಾಪ್‌ಟಾಪ್ ಆನ್ ಆದ ತಕ್ಷಣ, ವಿಂಡೋಸ್ ಬರುವ ಮುಂಚೆ ಓಡುವ ಪುಟ್ಟ ಸಾಫ್ಟ್‌ವೇರ್ ಒಂದಿದೆ. ಹಳೆಯ ಬಗೆಯದು ಬಯಾಸ್, ಹೊಸ ಬಗೆಯದು ಯುಇಎಫ್‌ಐ. ಜನ ಎರಡನ್ನೂ ಬಯಾಸ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನೆನಪಿಡಬೇಕಾದ್ದು ಇಷ್ಟೇ: ವಿಂಡೋಸ್ ಯಾವ ಮೋಡ್‌ನಲ್ಲಿದೆಯೋ ಲಿನಕ್ಸನ್ನೂ ಅದೇ ಮೋಡ್‌ನಲ್ಲಿ ಹಾಕಬೇಕು. ಒಂದು ಯುಇಎಫ್‌ಐ, ಇನ್ನೊಂದು ಲೆಗಸಿ ಆದರೆ ಎರಡೂ ಒಂದೇ ಮೆನುವಿನಲ್ಲಿ ಕಾಣುವುದಿಲ್ಲ. ವಿಂಡೋಸ್ 8ರ ಕಾಲದಿಂದ ಈಚೆಗೆ ವಿಂಡೋಸ್ ಹಾಕಿಯೇ ಮಾರಿದ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಯುಇಎಫ್‌ಐ. ಅಂಗಡಿಯಲ್ಲಿ ಯಾರೋ ಮತ್ತೆ ವಿಂಡೋಸ್ ಹಾಕಿಕೊಟ್ಟಿದ್ದರೆ ಲೆಗಸಿಯಲ್ಲೂ ಇರಬಹುದು.

3. ಬಿಟ್‌ಲಾಕರ್: ಇದನ್ನು ಹಾರಿಸಬೇಡಿ

ಬಿಟ್‌ಲಾಕರ್ ಅಂದರೆ ಡಿಸ್ಕ್‌ನಲ್ಲಿರುವುದನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿಡುವ ವಿಂಡೋಸ್‌ನ ವ್ಯವಸ್ಥೆ. ಲ್ಯಾಪ್‌ಟಾಪ್ ಕಳುವಾದರೂ ಕದ್ದವನಿಗೆ ಫೈಲ್ ಓದಲಾಗುವುದಿಲ್ಲ. ಒಳ್ಳೆಯದೇ. ತೊಂದರೆ ಏನೆಂದರೆ ಅದು ಆನ್ ಇರುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಹೋಂ ಆವೃತ್ತಿಯಲ್ಲೂ ಇದು ತಾನಾಗಿಯೇ ಆನ್ ಆಗುತ್ತದೆ.

ಬಯಾಸ್‌ನಲ್ಲಿ ಏನಾದರೂ ಬದಲಾದರೆ, ಬೂಟ್ ಆಗುವ ದಾರಿ ಬದಲಾದರೆ, ಬಿಟ್‌ಲಾಕರ್‌ಗೆ ಅನುಮಾನ ಬರುತ್ತದೆ. ನೀಲಿ ಪರದೆ ತೋರಿಸಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಫೈಲ್‌ಗಳು ಹೋದವು ಅಂತಲೇ ಲೆಕ್ಕ. ಯಾವ ಸರ್ವಿಸ್ ಸೆಂಟರ್‌ನವರೂ ತೆಗೆದುಕೊಡಲಾರರು.

ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ "ಪ್ರೈವೆಸಿ ಅಂಡ್ ಸೆಕ್ಯುರಿಟಿ" (ವಿಂಡೋಸ್ 10 ಆದರೆ "ಅಪ್‌ಡೇಟ್ ಅಂಡ್ ಸೆಕ್ಯುರಿಟಿ") ಒಳಗೆ "ಡಿವೈಸ್ ಎನ್‌ಕ್ರಿಪ್ಷನ್" ಇದೆಯಾ ನೋಡಿ. ಪ್ರೊ ಆವೃತ್ತಿ ಆದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ಅಂತಲೇ ಇರುತ್ತದೆ. ಆನ್ ಇದ್ದರೆ ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಬ್ರೌಸರ್‌ನಲ್ಲಿ ಲಾಗಿನ್ ಆಗಿ. ಡಿವೈಸ್ ಪಟ್ಟಿಯಲ್ಲಿ ಈ ಲ್ಯಾಪ್‌ಟಾಪ್‌ನ ರಿಕವರಿ ಕೀ ತೆಗೆದು ಕಾಗದದಲ್ಲಿ ಬರೆದಿಡಿ. ಲ್ಯಾಪ್‌ಟಾಪ್ ಒಳಗೇ ನೋಟ್‌ಪ್ಯಾಡ್‌ನಲ್ಲಿ ಉಳಿಸಿ ಪ್ರಯೋಜನವಿಲ್ಲ.

ಆಮೇಲೆ ಎರಡು ದಾರಿ. ಮನೆಯಲ್ಲೇ ಇರುವ ಲ್ಯಾಪ್‌ಟಾಪ್ ಆದರೆ ಎನ್‌ಕ್ರಿಪ್ಷನ್ ಆಫ್ ಮಾಡಿ. ಪೂರ್ತಿ ಬಿಚ್ಚಿಕೊಳ್ಳಲು ಹೊತ್ತು ಹಿಡಿಯುತ್ತದೆ, ಮುಗಿಯುವ ತನಕ ಕಾಯಿರಿ. ಬಸ್ಸು, ರೈಲು, ಹಾಸ್ಟೆಲ್ ಅಂತ ಓಡಾಡುವ ಲ್ಯಾಪ್‌ಟಾಪ್ ಆದರೆ ಆನ್ ಇಟ್ಟುಕೊಂಡೇ ಮುಂದುವರಿಯಬಹುದು. ಆದರೆ ಕೀ ಕೈಯಲ್ಲಿರಬೇಕು. ಆಮೇಲೂ ಲಿನಕ್ಸ್‌ನ ಮೆನುವಿನ ಮೂಲಕ ವಿಂಡೋಸ್‌ಗೆ ಹೋದರೆ ಕೀ ಕೇಳಬಹುದು. ಹಾಗೆ ಕೇಳಿದರೆ, ಲ್ಯಾಪ್‌ಟಾಪ್‌ನದೇ ಬೂಟ್ ಮೆನುವಿನಿಂದ ನೇರವಾಗಿ ವಿಂಡೋಸ್ ಆರಿಸಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

4. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ

ನೀವು ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಬೇಗ ಏಳಲಿ ಅಂತ ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಆಫ್ ಆಗುತ್ತದೆ. ಇದೇ ಫಾಸ್ಟ್ ಸ್ಟಾರ್ಟಪ್. ಈ ಸ್ಥಿತಿಯಲ್ಲಿ ಲಿನಕ್ಸ್ ಬಂದು ಅದೇ ಡ್ರೈವ್‌ನಲ್ಲಿ ಬರೆದರೆ ಫೈಲ್‌ಗಳು ಕೆಡಬಹುದು. ಅದಕ್ಕೇ ಲಿನಕ್ಸ್ ಅಂಥ ಡ್ರೈವನ್ನು ಬರೀ ಓದಲು ಮಾತ್ರ ಬಿಡುತ್ತದೆ, ಕೆಲವೊಮ್ಮೆ ತೆರೆಯುವುದೇ ಇಲ್ಲ. "ಲಿನಕ್ಸ್‌ನಿಂದ ಡಿ ಡ್ರೈವ್‌ಗೆ ಕಾಪಿ ಆಗ್ತಿಲ್ಲ" ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ.

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, "ಚೂಸ್ ವಾಟ್ ದ ಪವರ್ ಬಟನ್ಸ್ ಡು" ಇಲ್ಲಿಗೆ ಹೋಗಿ. ಫಾಸ್ಟ್ ಸ್ಟಾರ್ಟಪ್ ಟಿಕ್ ಮಂಕಾಗಿದ್ದರೆ ಮೇಲೆ "ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್" ಒತ್ತಿ. ಆಮೇಲೆ ಟಿಕ್ ತೆಗೆದು ಸೇವ್ ಮಾಡಿ. ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಇದು ಮತ್ತೆ ಆನ್ ಆಗಿದೆಯಾ ಅಂತ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು.

5. ಲಿನಕ್ಸ್‌ಗೆ ಜಾಗ ಬಿಡಿಸಿ

ಈ ಕೆಲಸವನ್ನು ವಿಂಡೋಸ್ ಕೈಯಲ್ಲೇ ಮಾಡಿಸಿ. ಅದರ ಡ್ರೈವನ್ನು ಅದೇ ಕುಗ್ಗಿಸುವುದು ಕ್ಷೇಮ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ "ಡಿಸ್ಕ್ ಮ್ಯಾನೇಜ್‌ಮೆಂಟ್" ತೆರೆಯಿರಿ. ಡಿಸ್ಕ್ ಎಷ್ಟು ಭಾಗವಾಗಿದೆ ಅಂತ ಪಟ್ಟಿಪಟ್ಟಿಯಾಗಿ ಕಾಣುತ್ತದೆ. ಇವೇ ಪಾರ್ಟಿಷನ್‌ಗಳು. ಜಾಸ್ತಿ ಖಾಲಿ ಇರುವ ಸಿ ಅಥವಾ ಡಿ ಮೇಲೆ ರೈಟ್ ಕ್ಲಿಕ್ ಮಾಡಿ "ಶ್ರಿಂಕ್ ವಾಲ್ಯೂಮ್" ಕೊಡಿ. ಎಷ್ಟು ಕುಗ್ಗಿಸಬೇಕು ಅಂತ ಎಂಬಿಯಲ್ಲಿ ಕೇಳುತ್ತದೆ. 1 ಜಿಬಿಗೆ 1024 ಎಂಬಿ, ಹಾಗಾಗಿ 60 ಜಿಬಿ ಬೇಕಿದ್ದರೆ 61440. ಮಿಂಟ್ 20 ಜಿಬಿಯಲ್ಲೂ ಕೂರುತ್ತದೆ, ಆದರೆ ಇಕ್ಕಟ್ಟು. 60 ಸಾಧಾರಣ, 100 ಆರಾಮ. 100 ಜಿಬಿಗೆ 102400 ಅಂತ ಹಾಕಿ.

ಡ್ರೈವ್‌ನಲ್ಲಿ 200 ಜಿಬಿ ಖಾಲಿ ಇದ್ದರೂ ಕೆಲವೊಮ್ಮೆ 15 ಜಿಬಿ ಮಾತ್ರ ಕುಗ್ಗಿಸಬಹುದು ಅನ್ನುತ್ತದೆ. ಜಾಗದ ಮಧ್ಯೆ ಎಲ್ಲೋ ಅಲುಗಾಡಿಸಲಾಗದ ಫೈಲ್ ಕೂತಿರುವುದು ಇದಕ್ಕೆ ಕಾರಣ. ಪೇಜ್ ಫೈಲ್, ಹೈಬರ್ನೇಶನ್ ಫೈಲ್, ಸಿಸ್ಟಂ ರಿಸ್ಟೋರ್ ಪ್ರತಿಗಳು ಇಂಥವು. ಪೇಜ್ ಫೈಲ್ ಮತ್ತು ಸಿಸ್ಟಂ ಪ್ರೊಟೆಕ್ಷನ್ ಎರಡನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಕುಗ್ಗಿಸಿ. ಕೆಲಸ ಮುಗಿದ ಮೇಲೆ ಮರೆಯದೆ ಆನ್ ಮಾಡಿ.

ಕುಗ್ಗಿಸಿದ ಮೇಲೆ ಕಪ್ಪು ಪಟ್ಟಿಯೊಂದಿಗೆ "ಅನ್‌ಅಲೊಕೇಟೆಡ್" ಅಂತ ಜಾಗ ಕಾಣುತ್ತದೆ. ಅದನ್ನು ಹಾಗೇ ಬಿಡಿ. ಅಲ್ಲಿ ಹೊಸ ವಾಲ್ಯೂಮ್ ಮಾಡಲು ಹೋಗಬೇಡಿ. ಹಳೆಯ ಲೆಗಸಿ ಯಂತ್ರಗಳಲ್ಲಿ ಇದು ನಿಜಕ್ಕೂ ಗುಂಡಿ. ಅವುಗಳ ಡಿಸ್ಕ್ ಎಂಬಿಆರ್ ಎಂಬ ಹಳೆ ಪದ್ಧತಿಯಲ್ಲಿರುತ್ತದೆ, ಅದರಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಆಗುವುದಿಲ್ಲ. ಐದನೆಯದನ್ನು ಮಾಡಲು ಹೊರಟರೆ ವಿಂಡೋಸ್ "ಡೈನಮಿಕ್ ಡಿಸ್ಕ್ ಆಗಿ ಬದಲಿಸಲಾ" ಅಂತ ಕೇಳುತ್ತದೆ. ಹೂಂ ಅಂದರೆ ಆ ಡಿಸ್ಕ್‌ನಲ್ಲಿ ಲಿನಕ್ಸ್ ಹಾಕುವ ಆಸೆ ಬಿಡಬೇಕು.

ಹೆಸರಿಲ್ಲದ ಸಣ್ಣ ಪಾರ್ಟಿಷನ್‌ಗಳೂ ಇಲ್ಲಿ ಕಾಣುತ್ತವೆ. ಸಾಮಾನ್ಯವಾಗಿ 100 ಎಂಬಿಯಷ್ಟಿರುವುದು ಇಎಫ್‌ಐ ಪಾರ್ಟಿಷನ್. ಬೂಟ್ ಮಾಡುವ ಫೈಲ್‌ಗಳು ಅದರಲ್ಲಿರುತ್ತವೆ. ರಿಕವರಿ ಅಂತ ಇರುವುದು ವಿಂಡೋಸ್ ರಿಪೇರಿಗೆ. ಜಾಗ ಉಳಿಸೋಣ ಅಂತ ಇವನ್ನು ಅಳಿಸಬೇಡಿ.

6. ಪೆನ್‌ಡ್ರೈವ್ ತಯಾರಿ

ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದಲೇ ಐಎಸ್‌ಒ ಫೈಲ್ ಇಳಿಸಿಕೊಳ್ಳಿ. ಇಡೀ ಆಪರೇಟಿಂಗ್ ಸಿಸ್ಟಂ ಆ ಒಂದೇ ಫೈಲ್‌ನಲ್ಲಿರುತ್ತದೆ. ಸ್ನೇಹಿತರ ಹತ್ತಿರ ಇರುವ ಮೂರು ವರ್ಷದ ಹಳೆ ಐಎಸ್‌ಒ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಳಿಸಿದ ಫೈಲ್ ಪೂರ್ತಿ ಬಂದಿದೆಯಾ ನೋಡಬೇಕು. 7-ಜಿಪ್ ಎಂಬ ಸಾಫ್ಟ್‌ವೇರ್ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಶಾ-256 ಎಂಬ, ಫೈಲ್‌ನ ಬೆರಳಚ್ಚಿನಂಥ ಲೆಕ್ಕ ತೆಗೆಯಬಹುದು. ಬರುವ ಉದ್ದನೆಯ ಅಕ್ಷರಮಾಲೆ ಮಿಂಟ್ ತಾಣದಲ್ಲಿ ಕೊಟ್ಟಿರುವುದಕ್ಕೆ ತಾಳೆಯಾಗಬೇಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸಿದವರು ಇದನ್ನು ಖಂಡಿತ ಮಾಡಿ.

ಬಳಿಕ ರುಫುಸ್ ಎಂಬ ಉಚಿತ ಸಾಫ್ಟ್‌ವೇರ್ ತೆರೆದು, ಪೆನ್‌ಡ್ರೈವ್ ಮತ್ತು ಐಎಸ್‌ಒ ಆರಿಸಿ. 2ನೇ ಹಂತದಲ್ಲಿ ಯುಇಎಫ್‌ಐ ಬಂದಿದ್ದರೆ ಪಾರ್ಟಿಷನ್ ಸ್ಕೀಮ್‌ನಲ್ಲಿ ಜಿಪಿಟಿ, ಲೆಗಸಿ ಬಂದಿದ್ದರೆ ಎಂಬಿಆರ್. ಸ್ಟಾರ್ಟ್ ಒತ್ತಿದ ಮೇಲೆ ಯಾವ ಬಗೆಯಲ್ಲಿ ಬರೆಯಲಿ ಅಂತ ಕೇಳಿದರೆ ಅದೇ ಸೂಚಿಸುವ ಐಎಸ್‌ಒ ಮೋಡ್ ಸಾಕು. ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಬರೀ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ.

7. ಪೆನ್‌ಡ್ರೈವ್‌ನಿಂದ ಎಬ್ಬಿಸಿ, ಪರೀಕ್ಷಿಸಿ

ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಯನ್ನು ಬಡಿಯುತ್ತಿರಿ. ಸಾಮಾನ್ಯವಾಗಿ ಎಚ್‌ಪಿಯಲ್ಲಿ ಎಫ್9, ಡೆಲ್, ಲೆನೊವೊ, ಏಸರ್‌ಗಳಲ್ಲಿ ಎಫ್12, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಎಫ್2 ಒತ್ತಿ ಬಯಾಸ್‌ಗೆ ಹೋಗಿ "ಎಫ್12 ಬೂಟ್ ಮೆನು" ಆನ್ ಮಾಡಬೇಕು. ಕೀ ಆಟ ಸಾಕಾಯಿತು ಅಂದರೆ ವಿಂಡೋಸ್‌ನಲ್ಲೇ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, "ಯೂಸ್ ಎ ಡಿವೈಸ್" ಆರಿಸಿದರೂ ಆಗುತ್ತದೆ. ಪಟ್ಟಿಯಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ, ಯುಇಎಫ್‌ಐ ಯಂತ್ರದವರು ಆ ಹೆಸರಿರುವುದನ್ನೇ ಆರಿಸಿ.

ಸ್ವಲ್ಪ ಹೊತ್ತಿಗೆ ಮಿಂಟ್‌ನ ಡೆಸ್ಕ್‌ಟಾಪ್ ಬರುತ್ತದೆ. ಇದಕ್ಕೆ ಲೈವ್ ಅನ್ನುತ್ತಾರೆ. ಎಲ್ಲ ಪೆನ್‌ಡ್ರೈವ್ ಮತ್ತು ರ್‍ಯಾಮ್‌ನಿಂದಲೇ ಓಡುತ್ತಿದೆ, ಡಿಸ್ಕ್‌ಗೆ ಇನ್ನೂ ಏನೂ ಆಗಿಲ್ಲ. ಇನ್‌ಸ್ಟಾಲ್ ಐಕಾನ್ ಕಂಡ ತಕ್ಷಣ ಒತ್ತಬೇಡಿ. ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ, ಟಚ್‌ಪ್ಯಾಡ್, ಕ್ಯಾಮೆರಾ, ಬ್ಲೂಟೂತ್, ಪರದೆಯ ಬೆಳಕು ಏರಿಳಿಸುವುದು ಎಲ್ಲ ನೋಡಿ. ವೈಫೈ ಇಲ್ಲದಿದ್ದರೆ ಕಂಗಾಲಾಗಬೇಡಿ. ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ಇಂಟರ್ನೆಟ್ ಬರುತ್ತದೆ. ಇನ್‌ಸ್ಟಾಲ್ ಆದ ಮೇಲೆ "ಡ್ರೈವರ್ ಮ್ಯಾನೇಜರ್"ನಲ್ಲಿ ವೈಫೈ ಡ್ರೈವರ್ ಸಿಗಬಹುದು.

ಈಗ ಮೆನುವಿನಲ್ಲಿ "ಡಿಸ್ಕ್ಸ್" ತೆರೆದು ನಿಮ್ಮ ಒಳಗಿನ ಡಿಸ್ಕ್ ಕಾಣುತ್ತದಾ ನೋಡಿ. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಕಾಣುವುದಿಲ್ಲ. ಬಯಾಸ್‌ನಲ್ಲಿ ಡಿಸ್ಕ್ "ಆರ್‌ಎಸ್‌ಟಿ" ಅಥವಾ "ರೇಡ್" ಮೋಡ್‌ನಲ್ಲಿರುವುದು ಇದಕ್ಕೆ ಕಾರಣ. ಅದನ್ನು "ಎಎಚ್‌ಸಿಐ"ಗೆ ಬದಲಿಸಬೇಕು. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಏಕೆಂದರೆ ಹೊಸ ಮೋಡ್‌ನ ಡ್ರೈವರನ್ನು ಅದು ಬೂಟ್ ಆಗುವಾಗ ಹಾಕಿಕೊಂಡಿರುವುದಿಲ್ಲ. ಸರಿಯಾದ ಕ್ರಮ ಹೀಗೆ: ವಿಂಡೋಸ್‌ನಲ್ಲಿ "ಸಿಸ್ಟಂ ಕಾನ್ಫಿಗರೇಶನ್" ತೆರೆದು, ಬೂಟ್ ವಿಭಾಗದಲ್ಲಿ "ಸೇಫ್ ಬೂಟ್" ಟಿಕ್ ಮಾಡಿ. ರೀಸ್ಟಾರ್ಟ್ ಮಾಡಿ ನೇರ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತದೆ, ಡ್ರೈವರ್ ತಾನೇ ಹಾಕಿಕೊಳ್ಳುತ್ತದೆ. ಆಮೇಲೆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದಿರಬಹುದು, ಖಾತೆಯ ಪೂರ್ತಿ ಪಾಸ್‌ವರ್ಡ್ ನೆನಪಿರಲಿ. ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ ಅಂದಿದ್ದು ಇಂಥ ಕಡೆಗೇ.

8. ಇನ್‌ಸ್ಟಾಲ್

ಚಾರ್ಜರ್ ಹಾಕಿದೆಯಾ? ಬ್ಯಾಟರಿ ಸತ್ತಿರುವ ಲ್ಯಾಪ್‌ಟಾಪ್ ಆದರೆ ಕರೆಂಟ್ ಕೈಕೊಡದ ಹೊತ್ತು ನೋಡಿ ಶುರು ಮಾಡಿ. ನಡುವೆ ನಿಂತರೆ ರಗಳೆ.

ಡೆಸ್ಕ್‌ಟಾಪ್‌ನ "ಇನ್‌ಸ್ಟಾಲ್ ಲಿನಕ್ಸ್ ಮಿಂಟ್" ಒತ್ತಿ. ಭಾಷೆ, ಕೀಬೋರ್ಡ್ ಕೇಳುತ್ತದೆ. ಕೀಬೋರ್ಡ್‌ಗೆ ಇಂಗ್ಲಿಷ್ ಯುಎಸ್ ಇರಲಿ, ಕನ್ನಡವನ್ನು ಆಮೇಲೆ ಸೇರಿಸೋಣ. ಮಲ್ಟಿಮೀಡಿಯಾ ಕೊಡೆಕ್ ಬೇಕಾ ಅಂದರೆ ಟಿಕ್ ಮಾಡಿ, ವಿಡಿಯೊ ನೋಡಲು ಬೇಕಾಗುತ್ತದೆ. ಸೆಕ್ಯೂರ್ ಬೂಟ್‌ಗೆ ಪಾಸ್‌ವರ್ಡ್ ಕೇಳಿದರೆ ಒಂದನ್ನು ಕೊಟ್ಟು ನೆನಪಿಟ್ಟುಕೊಳ್ಳಿ, ಮುಂದಿನ ಹಂತದಲ್ಲಿ ಬೇಕು.

ಆಮೇಲೆ ಬರುವುದೇ ಮುಖ್ಯ ಪರದೆ, "ಇನ್‌ಸ್ಟಾಲೇಶನ್ ಟೈಪ್". ಇಲ್ಲಿ ಕಾಣುವ ಆಯ್ಕೆಗಳಲ್ಲಿ "ಇರೇಸ್ ಡಿಸ್ಕ್" ಒತ್ತಿದರೆ ವಿಂಡೋಸೂ ಹೋಯಿತು, ಫೈಲೂ ಹೋಯಿತು. "ವಿಂಡೋಸ್ ಜೊತೆಗೆ ಹಾಕು" ಎಂಬ ಅರ್ಥದ ಆಯ್ಕೆ ಸುಲಭದ್ದು. ಆದರೆ ಅದು ಯಾವ ಜಾಗ ತೆಗೆದುಕೊಳ್ಳುತ್ತದೆ ಅನ್ನುವುದು ಸ್ಪಷ್ಟವಾಗಿ ಕಾಣುವುದಿಲ್ಲ. 5ನೇ ಹಂತದಲ್ಲಿ ಕಷ್ಟಪಟ್ಟು ಜಾಗ ಬಿಡಿಸಿದ್ದೀರಿ, ಅದನ್ನೇ ಕೈಯಾರೆ ತೋರಿಸುವುದು ಮೇಲು. ಹಾಗಾಗಿ ನನ್ನ ಆಯ್ಕೆ "ಸಮ್‌ಥಿಂಗ್ ಎಲ್ಸ್".

ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ. ಸಿ, ಡಿ ಅಂತ ಹೆಸರಿರುವುದಿಲ್ಲ, ಗಾತ್ರ ನೋಡಿ ಗುರುತಿಸಬೇಕು. ವಿಂಡೋಸ್‌ನವು ಎನ್‌ಟಿಎಫ್‌ಎಸ್ ಅಂತ ಇರುತ್ತವೆ. "ಫ್ರೀ ಸ್ಪೇಸ್" ಅಂತ ನೀವು ಬಿಡಿಸಿದಷ್ಟೇ ಗಾತ್ರದ್ದು ಕಾಣುತ್ತದೆ. ಅದನ್ನು ಆರಿಸಿ ಕೆಳಗಿನ + ಗುರುತು ಒತ್ತಿ. ಗಾತ್ರ ಪೂರ್ತಿ ಇರಲಿ, "ಯೂಸ್ ಆ್ಯಸ್" ಎದುರು ಇಎಕ್ಸ್‌ಟಿ4 ಇರಲಿ, "ಮೌಂಟ್ ಪಾಯಿಂಟ್" ಎದುರು / ಗುರುತು ಆರಿಸಿ. ಇಎಕ್ಸ್‌ಟಿ4 ಅಂದರೆ ಲಿನಕ್ಸ್ ಫೈಲ್ ಇಡುವ ಪದ್ಧತಿ. ಆ ಓರೆಗೆರೆ ಅಂದರೆ ಲಿನಕ್ಸ್‌ನ ಬುಡ, ಎಲ್ಲ ಅದರ ಕೆಳಗೇ ಬರುತ್ತದೆ. ಹೋಂ, ಸ್ವಾಪ್ ಅಂತ ಬೇರೆ ಬೇರೆ ಪಾರ್ಟಿಷನ್ ಮಾಡಿ ಅನ್ನುವ ಹಳೆ ಸಲಹೆಗಳು ಸಿಗುತ್ತವೆ. ಮೊದಲ ಸಲಕ್ಕೆ ಬೇಡ. ಸ್ವಾಪ್‌ಗೆ ಬೇಕಾದ ಫೈಲನ್ನು ಮಿಂಟ್ ತಾನೇ ಮಾಡಿಕೊಳ್ಳುತ್ತದೆ.

ಪಟ್ಟಿಯಲ್ಲಿ ಇಎಫ್‌ಐ ಪಾರ್ಟಿಷನ್ ಕೂಡ ಇರುತ್ತದೆ. ಅದರ ಎದುರಿನ "ಫಾರ್ಮ್ಯಾಟ್" ಚೌಕದಲ್ಲಿ ಟಿಕ್ ಇರಲೇಬಾರದು. ಇದ್ದರೆ ವಿಂಡೋಸ್‌ನ ಬೂಟ್ ಫೈಲ್‌ಗಳು ಅಳಿದುಹೋಗುತ್ತವೆ. ಎರಡೂ ಆಪರೇಟಿಂಗ್ ಸಿಸ್ಟಂಗಳು ಆ ಒಂದೇ ಪಾರ್ಟಿಷನ್ ಹಂಚಿಕೊಳ್ಳುತ್ತವೆ, ಜಗಳವಿಲ್ಲ.

"ಇನ್‌ಸ್ಟಾಲ್ ನೌ" ಒತ್ತಿದಾಗ ಏನೇನು ಬದಲಾಗುತ್ತದೆ ಅಂತ ಒಂದು ಪಟ್ಟಿ ತೋರಿಸುತ್ತದೆ. ನಿಧಾನವಾಗಿ ಓದಿ. ಫಾರ್ಮ್ಯಾಟ್ ಆಗುವುದು ಇಎಕ್ಸ್‌ಟಿ4 ಒಂದೇ ಆಗಿರಬೇಕು. ಅನುಮಾನ ಬಂದರೆ ಹಿಂದೆ ಹೋಗಿ, ಇಲ್ಲಿಯವರೆಗೆ ಏನೂ ಕೆಟ್ಟಿಲ್ಲ. ಮುಂದಿನದು ಸರಾಗ: ನಕ್ಷೆಯಲ್ಲಿ ಕೋಲ್ಕತಾ ಸಮಯ ಆರಿಸಿ, ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ, ಕೇಳಿದಾಗ ಪೆನ್‌ಡ್ರೈವ್ ತೆಗೆಯಿರಿ.

9. ಮೊದಲ ಸಲ ಆನ್ ಆದಾಗ

ಸೆಕ್ಯೂರ್ ಬೂಟ್ ಅಂದರೆ ಸಹಿ ಇರುವ ಸಾಫ್ಟ್‌ವೇರನ್ನು ಮಾತ್ರ ಬೂಟ್ ಆಗಲು ಬಿಡುವ ಕಾವಲು. ಅದನ್ನು ಆನ್ ಇಟ್ಟೇ ಮಿಂಟ್ ಹಾಕಬಹುದು. ಪಾಸ್‌ವರ್ಡ್ ಕೊಟ್ಟಿದ್ದವರಿಗೆ ಈಗ ಒಂದು ನೀಲಿ ಪರದೆ ಬರುತ್ತದೆ. ಗಾಬರಿಯಾಗಬೇಡಿ, ಕೆಟ್ಟದ್ದಲ್ಲ. "ಎನ್‌ರೋಲ್ ಮೋಕ್" ಆರಿಸಿ, "ಕಂಟಿನ್ಯೂ", "ಯೆಸ್" ಕೊಟ್ಟು ಆ ಪಾಸ್‌ವರ್ಡ್ ಹಾಕಿ. ಅವಸರದಲ್ಲಿ "ಕಂಟಿನ್ಯೂ ಬೂಟ್" ಕೊಟ್ಟುಬಿಟ್ಟರೆ ಎನ್‌ವಿಡಿಯಾ ಮತ್ತು ಕೆಲವು ವೈಫೈ ಡ್ರೈವರ್‌ಗಳು ಕೆಲಸ ಮಾಡದೆ ಕೂರುತ್ತವೆ.

ಆಮೇಲೆ ಬರುವ ಪಟ್ಟಿಗೆ ಗ್ರಬ್ ಅಂತ ಹೆಸರು. ಮೇಲೆ ಲಿನಕ್ಸ್ ಮಿಂಟ್, ಕೆಳಗೆ "ವಿಂಡೋಸ್ ಬೂಟ್ ಮ್ಯಾನೇಜರ್". ಬಾಣದ ಕೀಯಿಂದ ಆರಿಸಿ. ಎರಡಕ್ಕೂ ಒಂದೊಂದು ಸಲ ಹೋಗಿ ಬನ್ನಿ.

ಗ್ರಬ್ ಬರದೆ ನೇರ ವಿಂಡೋಸೇ ಬಂದರೆ ಲಿನಕ್ಸ್ ಹೋಗಿಲ್ಲ, ಬೂಟ್ ಸರದಿಯಲ್ಲಿ ವಿಂಡೋಸ್ ಮುಂದಿದೆ ಅಷ್ಟೇ. ಬಯಾಸ್‌ನ ಬೂಟ್ ಆರ್ಡರ್‌ನಲ್ಲಿ "ಉಬುಂಟು" ಅಂತ ಇರುವುದನ್ನು ಮೇಲಕ್ಕೆ ತನ್ನಿ. ಮಿಂಟ್ ಹಾಕಿದರೂ ಅಲ್ಲಿ ಬರುವ ಹೆಸರು ಉಬುಂಟು. ಮಿಂಟ್ ಎಲ್ಲಿ ಅಂತ ಹುಡುಕುತ್ತಾ ಕೂತವರು ಎಷ್ಟೋ ಜನ! ಮನೆಯವರು ಬರೀ ವಿಂಡೋಸ್ ಬಳಸುತ್ತಾರೆ, ಪಟ್ಟಿ ನೋಡಿದರೆ ಹೆದರುತ್ತಾರೆ ಅನ್ನುವವರು ವಿಂಡೋಸನ್ನೇ ಮೇಲಿಟ್ಟು, ಲಿನಕ್ಸ್ ಬೇಕಾದಾಗ ಬೂಟ್ ಮೆನು ಕೀ ಒತ್ತಿ ಹೋಗಬಹುದು.

ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರುವುದು ಇನ್ನೊಂದು ಮಾಮೂಲಿ ತಾಪತ್ರಯ. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಲಿನಕ್ಸ್‌ನ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 (timedatectl set-local-rtc 1) ಎಂಬ ಆಜ್ಞೆಯನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಕೊಟ್ಟರೆ ಸರಿಯಾಗುತ್ತದೆ. ಮೊದಲ ಪದವನ್ನು ಮಧ್ಯೆ ಜಾಗ ಬಿಡದೆ ಬರೆಯಬೇಕು.

ಕೊನೆಗೆ "ಅಪ್‌ಡೇಟ್ ಮ್ಯಾನೇಜರ್" ತೆರೆದು ಇರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ.

10. ಕನ್ನಡ ಟೈಪಿಂಗ್

ಮಿಂಟ್‌ನಲ್ಲಿ ಕನ್ನಡ ಯೂನಿಕೋಡ್ ಓದಲು ತೊಂದರೆಯಿಲ್ಲ. ಟೈಪ್ ಮಾಡಲು "ಸಾಫ್ಟ್‌ವೇರ್ ಮ್ಯಾನೇಜರ್"ನಲ್ಲಿ ಐಬಸ್ ಎಂ17ಎನ್ (ibus-m17n) ಹುಡುಕಿ ಹಾಕಿ. "ಇನ್‌ಪುಟ್ ಮೆಥಡ್" ಸೆಟ್ಟಿಂಗ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಬನ್ನಿ. ಐಬಸ್‌ನ ಕನ್ನಡ ಪಟ್ಟಿಯಲ್ಲಿ ಕೆಜಿಪಿ ಅಂತ ಇರುವುದೇ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ನುಡಿಯಲ್ಲಿ ಬೆರಳು ಪಳಗಿದವರಿಗೆ ಕೈ ತಾನೇ ಓಡುತ್ತದೆ. ಇನ್‌ಸ್ಕ್ರಿಪ್ಟ್ ಕೂಡ ಇದೆ.

ಆದರೆ ನುಡಿಯ ಹಳೆ ಅಕ್ಷರಶೈಲಿಯಲ್ಲಿ, ಅಂದರೆ ಯೂನಿಕೋಡ್ ಅಲ್ಲದ್ದರಲ್ಲಿ ಮಾಡಿದ ಫೈಲ್‌ಗಳು ಲಿನಕ್ಸ್‌ನಲ್ಲಿ ಗಜಿಬಿಜಿ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಕೆಟ್ಟಿಲ್ಲ. ವಿಂಡೋಸ್‌ಗೆ ಹೋಗಿ ಯೂನಿಕೋಡ್‌ಗೆ ಪರಿವರ್ತಿಸಿ ತನ್ನಿ. ವಿಂಡೋಸ್ ಉಳಿಸಿಕೊಂಡಿದ್ದಕ್ಕೆ ಇಲ್ಲೇ ಒಂದು ಲಾಭ ಸಿಕ್ಕಿತಲ್ವಾ?

ಎರಡೂ ಕಡೆ ಬೇಕಾದ ಫೈಲ್‌ಗಳನ್ನು ಡಿ ಡ್ರೈವ್‌ನಲ್ಲಿಡಿ. ಲಿನಕ್ಸ್‌ಗೆ ವಿಂಡೋಸ್‌ನ ಡ್ರೈವ್ ಓದಲು, ಬರೆಯಲು ಬರುತ್ತದೆ. ವಿಂಡೋಸ್‌ಗೆ ಲಿನಕ್ಸ್‌ನ ಇಎಕ್ಸ್‌ಟಿ4 ತಾನಾಗಿ ಓದಲು ಬರುವುದಿಲ್ಲ.

ಆಮೇಲಿನ ದಿನಗಳಲ್ಲಿ

ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಗ್ರಬ್ ಮಾಯವಾಗಬಹುದು. ಆಗಲೂ ಬೂಟ್ ಸರದಿಯನ್ನೇ ಮೊದಲು ನೋಡಿ. ಬಹುತೇಕ ಅಲ್ಲೇ ಸರಿಹೋಗುತ್ತದೆ. ಗ್ರಬ್‌ನಲ್ಲಿ ವಿಂಡೋಸ್ ಹೆಸರು ಕಾಣದಿದ್ದರೆ ಲಿನಕ್ಸ್ ಟರ್ಮಿನಲ್‌ನಲ್ಲಿ ಸುಡೋ ಅಪ್‌ಡೇಟ್-ಗ್ರಬ್ (sudo update-grub) ಆಜ್ಞೆ ಕೊಡಿ, ಮತ್ತೆ ಹುಡುಕಿ ಸೇರಿಸಿಕೊಳ್ಳುತ್ತದೆ.

ಹಳೆ ಐಎಸ್‌ಒ ಬೇಡ ಅಂದಿದ್ದೆನಲ್ಲ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ, ದೋಷವಿರುವ ಬೂಟ್ ಸಾಫ್ಟ್‌ವೇರ್‌ಗಳನ್ನು ತಡೆಯಲು ಹೊರಟು, ಸೆಕ್ಯೂರ್ ಬೂಟ್ ಆನ್ ಇದ್ದ ಹಲವು ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದ ಹಾಗೆ ಮಾಡಿತ್ತು. ಲಿನಕ್ಸ್ ಅಪ್‌ಡೇಟ್ ಮಾಡುತ್ತಿದ್ದರೆ ಇಂಥದ್ದು ಬರುವುದು ಕಡಿಮೆ. ಲಿನಕ್ಸ್ ಹಾಕಿ ಆರು ತಿಂಗಳು ತಿರುಗಿ ನೋಡದವರು ಎಚ್ಚರ.

ತೆಗೆಯಬೇಕು ಅನ್ನಿಸಿದರೆ

ಲಿನಕ್ಸ್ ಪಾರ್ಟಿಷನ್ ಅಳಿಸುವುದೇ ಮೊದಲ ಕೆಲಸ ಅಂದುಕೊಂಡರೆ, ಗ್ರಬ್ ತನ್ನ ಫೈಲ್ ಸಿಗದೆ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಮೊದಲು ಬಯಾಸ್‌ನಲ್ಲಿ "ವಿಂಡೋಸ್ ಬೂಟ್ ಮ್ಯಾನೇಜರ್" ಮೇಲಕ್ಕೆ ತನ್ನಿ. ಗ್ರಬ್ ಇಲ್ಲದೆ ವಿಂಡೋಸ್ ನೇರ ಏಳುವುದನ್ನು ನೋಡಿಕೊಳ್ಳಿ. ಲೆಗಸಿ ಯಂತ್ರದಲ್ಲಿ ಈ ಸೌಲಭ್ಯವಿಲ್ಲ. ಅವರು ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಒಂದನ್ನು ಮೊದಲೇ ಮಾಡಿಟ್ಟುಕೊಂಡು, ಅದರ ರಿಪೇರಿ ವಿಭಾಗದಿಂದ ಬೂಟ್ ಸರಿಪಡಿಸಬೇಕು.

ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ, ಅಕ್ಷರದ ಹೆಸರಿಲ್ಲದೆ ನೀವು ಕೊಟ್ಟ ಗಾತ್ರದಲ್ಲೇ ಇರುವ ಪಾರ್ಟಿಷನ್ ಅಳಿಸಿ. ಕುಗ್ಗಿಸಿದ್ದ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ "ಎಕ್ಸ್‌ಟೆಂಡ್ ವಾಲ್ಯೂಮ್" ಕೊಟ್ಟರೆ ಜಾಗ ಮತ್ತೆ ಸೇರುತ್ತದೆ. ಆ ಆಯ್ಕೆ ಮಂಕಾಗಿದ್ದರೆ ಖಾಲಿ ಜಾಗ ಆ ಡ್ರೈವ್‌ನ ಬಲಕ್ಕೆ ಅಂಟಿಕೊಂಡಿಲ್ಲ, ನಡುವೆ ಬೇರೇನೋ ಇದೆ ಅಂತ ಅರ್ಥ. ಆ ನಡುವಿನದು ರಿಕವರಿ ಪಾರ್ಟಿಷನ್ ಆಗಿದ್ದರೆ ಅದನ್ನು ಅಳಿಸಲು ಹೋಗಬೇಡಿ. ಖಾಲಿ ಜಾಗದಲ್ಲಿ ಹೊಸ ಡ್ರೈವ್ ಮಾಡಿಕೊಂಡು ಅದಕ್ಕೆ ಬೇರೆ ಅಕ್ಷರ ಕೊಡಿ. ಇಎಫ್‌ಐ ಪಾರ್ಟಿಷನ್‌ನಲ್ಲಿ ಉಬುಂಟು ಹೆಸರಿನ ಸಣ್ಣ ಫೋಲ್ಡರ್ ಉಳಿದಿರುತ್ತದೆ, ಅದರಿಂದ ತೊಂದರೆಯಿಲ್ಲ.